ಅಮ್ಮನ ಸೀರೆ ಇದ್ದ ಕಂಪ್ಯೂಟರು

ನನ್ನ ಸೋದರಮಾವನ ಕಂಪ್ಯೂಟರಿನಲ್ಲಿ ಒಂದು ಕಾಲಕ್ಕೆ ಒಂಬತ್ತು ಆಂಟಿವೈರಸ್‌ಗಳಿದ್ದವು. ಒಂಬತ್ತೂ ವೈರಸ್‌ಗಳೇ. ಕಾವಲಿಗೆ ಅಂತ ಒಳಗೆ ಬಿಟ್ಟುಕೊಂಡ ಒಂಬತ್ತು ಕಳ್ಳರು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಸ್ವಿಚ್ ಹಾಕಿದ ಮೇಲೆ ಪರದೆ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಅತ್ತೆ ಅಕ್ಕಿ ತೊಳೆದು ಒಲೆಗಿಟ್ಟು ಅನ್ನ ಬಸಿದು ಬಂದುಬಿಡುತ್ತಿದ್ದರು.

ನಾನು ತಮಿಳುನಾಡಿನ ಮೆಟ್ಟೂರಿನವಳು. ಅಲ್ಲಿನ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ನಾನು ದೊಡ್ಡ ಪಂಡಿತೆಯೇನಲ್ಲ, ಆದರೆ ನಮ್ಮ ಬಳಗದಲ್ಲಿ ಯಾರ ಫೋನು ಕೆಟ್ಟರೂ, ಯಾರ ಪ್ರಿಂಟರ್ ಮುನಿಸಿಕೊಂಡರೂ ನನ್ನ ತಲೆಗೇ ಕಟ್ಟುತ್ತಾರೆ. ನನಗೆ ಸಿಟ್ಟು ಮೂಗಿನ ಮೇಲೆ. ಬೈದುಕೊಂಡೇ ಬಸ್ಸು ಹತ್ತುತ್ತೇನೆ, ಬೈದುಕೊಂಡೇ ಸರಿ ಮಾಡುತ್ತೇನೆ. ತಿಂಗಳಿಗೆ ಎರಡು ಭಾನುವಾರ ಸೇಲಂಗೆ ಹೋಗಿ ಮಾವನ ಯಂತ್ರದ ಕಸ ಗುಡಿಸುವುದು ನನ್ನ ಪಾಲಿಗೆ ಬಂದ ಸೇವೆ.

ಮಾವ ಅಂದರೆ ಅಮ್ಮನ ತಮ್ಮ, ಎಪ್ಪತ್ತು ದಾಟಿದ ನೇಕಾರ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ರೇಷ್ಮೆ ಸೀರೆಯ ಅಂಚು ಅಂದರೆ ಅವರ ಹೆಸರು ಹೇಳುತ್ತಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಡಾಕ್ಟರು ಮಗ್ಗಕ್ಕೆ ಇಳಿಯಬೇಡಿ ಅಂದರು. ಮಾವ ಮಗ್ಗ ಬಿಚ್ಚಿಸಿ, ಕಾಲು ಇಳಿಬಿಡುವ ಕುಣಿಗೆ ಹಲಗೆ ಮುಚ್ಚಿಸಿ, ಅದೇ ಜಾಗದಲ್ಲಿ ಕಂಪ್ಯೂಟರ್ ಮೇಜು ಇಡಿಸಿದರು. ಬೇರೆ ಕೋಣೆ ಖಾಲಿ ಇತ್ತು. ಅಲ್ಲಿ ಕೂತರೆ ಕೆಲಸ ಮಾಡಿದ ಹಾಗೆ ಅನ್ನಿಸುವುದಿಲ್ಲವಂತೆ.

ಆ ಮೇಜಿನ ಮೇಲೆ ಅವರು ಮಾಡುತ್ತಿದ್ದ ಕೆಲಸ ನನಗೂ ಬಹಳ ಮುಖ್ಯವಾಗಿತ್ತು. ನೆಂಟರಿಷ್ಟರ ಪೆಟ್ಟಿಗೆಗಳಲ್ಲಿ ಮಡಿಕೆಗೆ ಸೀಳುತ್ತಿದ್ದ ಹಳೆಯ ಸೀರೆಗಳನ್ನು ತರಿಸಿಕೊಂಡು, ಭೂತಗನ್ನಡಿ ಹಿಡಿದು ಎಳೆ ಎಣಿಸಿ, ಅಂಚು ಸೆರಗುಗಳನ್ನು ಕಂಪ್ಯೂಟರಿನ ಚೌಕುಳಿ ಹಾಳೆಯ ಮೇಲೆ ಒಂದೊಂದು ಚೌಕಕ್ಕೆ ಬಣ್ಣ ತುಂಬಿ ಬರೆದಿಡುತ್ತಿದ್ದರು. ಆಫೀಸಿನಲ್ಲಿ ಪಟ್ಟಿ ಹಾಕುವ ಹಾಳೆಯನ್ನು ಹೀಗೂ ಬಳಸಬಹುದು ಎಂದು ತೋರಿಸಿಕೊಟ್ಟವಳು ನಾನೇ. ಕೊನೆಗೆ ಬರೆಯಲು ತೆಗೆದುಕೊಂಡದ್ದು ನಮ್ಮಮ್ಮನ ಮದುವೆ ಸೀರೆ. ತಾತ, ಅಂದರೆ ಅಮ್ಮನ ಅಪ್ಪ, ತಾನೇ ಮಗ್ಗಕ್ಕೆ ಕೂತು ನೇಯ್ದದ್ದು. ಸೆರಗಿನ ತುಂಬ ಗಿಳಿಗಳು. ಅದನ್ನು ಬರೆದು ಮುಗಿಸಲು ಮಾವನಿಗೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಸೀರೆ ಮುಟ್ಟಿದಲ್ಲೆಲ್ಲ ಪುಡಿಯಾಗಿ, ಕೊನೆಗೆ ಅಮ್ಮನೇ ಫೋನಿನಲ್ಲಿ, ‘ಸತ್ತೋದ ಸೀರೆ ಇಟ್ಕಂಡು ಏನ್ ಮಾಡದು, ಜರಿ ತಗಳ್ಳೋನಿಗೆ ಆಕ್ಬುಡು’ ಅಂದಳು. ಹಳೇ ಜರಿ ಕೊಳ್ಳುವವನು ಬಂದು ಒಯ್ದ. ಅವನು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾನೆ. ಹಾಗಾಗಿ ಅಮ್ಮನ ಸೀರೆ ಅನ್ನುವುದು ಈ ಲೋಕದಲ್ಲಿ ಉಳಿದಿದ್ದರೆ ಮಾವನ ಕಂಪ್ಯೂಟರಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಇರಲಿಲ್ಲ.

ಅಮ್ಮ ನನ್ನ ಜೊತೆ ಮೆಟ್ಟೂರಿನಲ್ಲಿದ್ದಾಳೆ. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಕಾರು ಅಂದರೆ ವಾಂತಿ. ಅವಳು ಆ ಬರವಣಿಗೆಯನ್ನು ಒಮ್ಮೆಯೂ ನೋಡಿರಲಿಲ್ಲ.

‘ಒಂದು ಕಾಪಿ ಕೊಡಿ ಮಾವ, ಪೆನ್‌ಡ್ರೈವಿಗೆ ಆಕ್ಕೊಂಡು ಓಗಿ ಅಮ್ಮಂಗೆ ತೋರಿಸ್ತೀನಿ. ಯಂತ್ರ ಕೆಟ್ರೂ ಇನ್ನೊಂದು ಇರ್ತೈತೆ’ ಅಂತ ನಾನು ಎಷ್ಟು ಸಲ ಕೇಳಿದೆನೋ. ಮಾವ ತಲೆ ಅಲ್ಲಾಡಿಸುತ್ತಿದ್ದರು.

‘ಅಂಚು ಮನೆ ದಾಟಬಾರ್ದು ಕಣೆ.’

‘ಫೋನಲ್ಲಿ ಒಂದು ಫೋಟೋನಾದ್ರೂ ಒಡ್ಕತೀನಿ.’

‘ಫೋನಿಗೆ ಓದ್ರೆ ಊರಿಗೇ ಓದಂಗೆ. ನಾಳೆ ಯಾವನೋ ಪವರ್‌ಲೂಮಲ್ಲಿ ನೇಯ್ದು ಬುಡ್ತಾನೆ.’

ನೇಕಾರರ ಮನೆಯ ಹಳೇ ಕಟ್ಟಳೆ ಅದು. ಅಂಚಿನ ವಿನ್ಯಾಸ ಬರೆದ ಗ್ರಾಫ್ ಹಾಳೆಗಳನ್ನು ದೇವರ ಗೂಡಿನಲ್ಲಿ ಬೀಗ ಹಾಕಿ ಇಡುತ್ತಿದ್ದ ಮನೆ ನಮ್ಮದು. ಪಕ್ಕದ ಮನೆಯವರು ಬಂದರೆ ಮಗ್ಗದ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಸ್ವಂತ ಅಕ್ಕನಿಗೂ ಕಳಿಸದಷ್ಟು ಕಟ್ಟುನಿಟ್ಟು ಮಾಡಿದ ಮನುಷ್ಯ, ಇಂಟರ್‌ನೆಟ್ಟಿನಲ್ಲಿ ದಾರಿಹೋಕರನ್ನೆಲ್ಲ ಕರೆದು ನಡುಮನೆಯಲ್ಲಿ ಕೂರಿಸುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ.

ಹೊಸ ಅಂಚಿಗೆ ಅಂತ ಅವರು ಚಿತ್ರ ಹುಡುಕುತ್ತಿದ್ದರು. ಗುಡಿಯ ಕಂಬ, ಹಕ್ಕಿ, ಕೋಲಂ ರಂಗೋಲಿ, ಬಳ್ಳಿ. ಒಂದು ಚಿತ್ರ ಬೇಕಾದರೆ ಅದರ ಸುತ್ತ ಐದು ಹಸಿರು ಗುಂಡಿಗಳು, ಐದರ ಮೇಲೂ ‘ಡೌನ್‌ಲೋಡ್’. ಮಾವ ಐದನ್ನೂ ಒತ್ತುತ್ತಿದ್ದರು. ಪರದೆಯ ಮೂಲೆಯಲ್ಲಿ ಕೆಂಪು ಡಬ್ಬಿಯೊಂದು ಎದ್ದು, ‘ನಿಮ್ಮ ಕಂಪ್ಯೂಟರಿನಲ್ಲಿ ಏಳು ತೊಂದರೆಗಳಿವೆ, ಸರಿಪಡಿಸಿ’ ಅಂದರೆ ಅದನ್ನೂ ಒತ್ತುತ್ತಿದ್ದರು. ‘ಅನುಮತಿ ಕೊಡಿ’ ಅಂದರೆ ಕೊಡುತ್ತಿದ್ದರು. ಒಂದು ಭಾನುವಾರ ನಾನು ಹೋದಾಗ, ಬ್ರೌಸರ್ ತೆರೆದರೆ ಯಾವುದೋ ಜೂಜಿನ ಪುಟ, ಮೂಲೆಯಲ್ಲಿ ಅರೆಬಟ್ಟೆಯ ಹೆಂಗಸೊಬ್ಬಳು ಕಣ್ಣು ಹೊಡೆಯುತ್ತಿದ್ದಾಳೆ.

ಅತ್ತೆ ಬಾಗಿಲಲ್ಲಿ ನಿಂತು, ‘ಇವಳು ಬಂದು ಹತ್ತು ದಿನ ಆಯ್ತು. ಕುಡಿಯಕ್ಕೆ ಕಾಫಿ ಕೊಡದೊಂದು ಬಾಕಿ’ ಅಂದರು.

‘ಮಾವ, ಇದನ್ನೆಲ್ಲ ಯಾಕೆ ಒತ್ತುತೀರಿ? ನಿಮಗೆ ಯಾರು ಏಳಿದ್ರು ಒತ್ತಿ ಅಂತ?’ ನನ್ನ ದನಿ ಏರಿತ್ತು.

ಮಾವನಿಗೆ ನಿಜವಾಗಿಯೂ ಆಶ್ಚರ್ಯ. ‘ಕೆಟ್ಟೋಗೈತೆ ಅಂತ ಅದೇ ಏಳ್ತೈತಲ್ಲೇ. ಎಳೆ ಅರಿದೈತೆ ಅಂತ ಕಣ್ಣಿಗೆ ಕಂಡ ಮೇಲೆ ಗಂಟು ಆಕ್ದೆ ಮುಂದಕ್ಕೆ ಲಾಳಿ ಎಸೆಯಕ್ಕಾಯ್ತದಾ?’

ಐವತ್ತು ವರ್ಷ ಆ ಕೈ ಮಾಡಿದ್ದು ಅದನ್ನೇ. ಹಾಸಿನಲ್ಲಿ ಒಂದು ಎಳೆ ತುಂಡಾದರೆ ಮಗ್ಗ ನಿಲ್ಲಬೇಕು, ಬಗ್ಗಿ, ಎರಡು ತುದಿ ಹುಡುಕಿ ಹೊಸೆದು ಸೇರಿಸಿ, ಆಮೇಲೆ ಮುಂದಿನದು. ಇವತ್ತು ಬಿಟ್ಟ ಎಳೆ ನಾಳೆ ಒಂದು ಗೆರೆಯಾಗಿ ಸೀರೆಯುದ್ದಕ್ಕೂ ಕೂಗುತ್ತದೆ. ಈ ಜಾಲತಾಣದ ಮೋಸಗಾರರು ಬಲೆ ಹೆಣೆದದ್ದು ಯಾರಿಗೋ. ಸಿಕ್ಕಿಬಿದ್ದದ್ದು ಮಾತ್ರ ಕೆಟ್ಟದ್ದನ್ನು ಕಂಡು ಹಾಗೇ ಬಿಡಲಾರದ ನಮ್ಮ ಜನ.

ಅವತ್ತು ಇಡೀ ದಿನ ಕೂತೆ. ಒಂಬತ್ತು ಕಾವಲುಗಾರರನ್ನೂ ಕತ್ತು ಹಿಡಿದು ಆಚೆ ನೂಕಿ, ಒಂದೇ ಒಂದು ನಿಜವಾದದ್ದನ್ನು ಚಾಲೂ ಮಾಡಿದೆ. ಸಿಸ್ಟಮ್ಮಿನ ಅಪ್‌ಡೇಟ್‌ಗಳೆಲ್ಲ ತಾವಾಗಿಯೇ ಬರುವ ಹಾಗೆ ಮಾಡಿದೆ. ಬ್ರೌಸರಿಗೆ ಜಾಹೀರಾತು ತಡೆಯುವ ಜಾಲರಿ ಹಾಕಿದೆ. ಕಂಡ ಕಂಡ ಪುಟಗಳಿಗೆ ಮಾವ ಕೊಟ್ಟಿದ್ದ ಅನುಮತಿಗಳನ್ನು ಒಂದೊಂದಾಗಿ ಕಿತ್ತೆ, ನೂರಾರು ಇದ್ದವು. ಮಾವನಿಗೆ ಬರೀ ಬಳಸುವ ಖಾತೆ, ಹೊಸದೇನಾದರೂ ಹಾಕಬೇಕಾದರೆ ಬೇರೆ ಪಾಸ್‌ವರ್ಡು, ಅದು ನನ್ನ ಹತ್ತಿರ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ತಾನಾಗಿ ಎದ್ದದ್ದನ್ನು ಮುಟ್ಟಬಾರದು, ಮೊದಲು ನನಗೆ ಫೋನು. ತಮಿಳಿನಲ್ಲಿ ಬರೆದೆ. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ನಾನೇ ಕನ್ನಡ ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ.

ಅಲ್ಲಿಂದ ಶುರುವಾಯಿತು ನೋಡಿ ಫೋನು. ನಾನು ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡು ಸೀಸೆ ಹಿಡಿದಿರುವಾಗಲೇ ಬರಬೇಕು. ‘ಏನೋ ಎದ್ದೈತೆ ಕಣೆ, ಮುಟ್ಟಿಲ್ಲ. ಕೈ ಮಡಿಕ್ಕೊಂಡು ಕೂತಿವ್ನಿ’ ಅಂತ. ಒಮ್ಮೆ ಮೌಸಿನ ಬ್ಯಾಟರಿ ಸೂಚನೆ. ಒಮ್ಮೆ ನಿಜವಾದ ಅಪ್‌ಡೇಟು. ಒಮ್ಮೆ ಮಾವನೇ ಕುಡಿದು ಇಟ್ಟಿದ್ದ ಕಾಫಿ ಲೋಟದ ನೆರಳು ಪರದೆಯಲ್ಲಿ ಕಂಡದ್ದು. ಲ್ಯಾಬಿನ ಹುಡುಗಿಯರು, ‘ಅಕ್ಕಾ, ಉಂಗ ಮಾಮಾ’, ನಿಮ್ಮ ಮಾವ, ಅಂತ ನಗುತ್ತಾ ಫೋನು ತಂದು ಕಿವಿಗೆ ಹಿಡಿಯುತ್ತಿದ್ದರು. ಬೈಯುತ್ತಿದ್ದೆ, ಆದರೆ ನಿಜ ಹೇಳಬೇಕೆಂದರೆ ನನಗೆ ಖುಷಿ. ಅಪ್ಪ ಹೋದ ಮೇಲೆ ದಿನಕ್ಕೆ ಮೂರು ಸಲ ನನ್ನನ್ನು ಕೇಳಿ ಕೆಲಸ ಮಾಡುವ ಗಂಡಸು ಇವರೊಬ್ಬರೇ.

ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದ ಫೋನು ಮಾವನದಲ್ಲ, ಅತ್ತೆಯದು.

‘ನೀನು ಬಾ. ನಿಮ್ಮ ಮಾವ ಕತ್ತರಿ ಇಡ್ಕಂಡು ಕೂತವ್ರೆ, ಮಾತಾಡ್ತಿಲ್ಲ.’

ಆಗಿದ್ದು ಇಷ್ಟು. ಮಾವ ಯಾವುದೋ ಹಕ್ಕಿಯ ಚಿತ್ರ ಹುಡುಕುತ್ತಿದ್ದಾಗ ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿಕೊಂಡು, ನಿಮ್ಮ ಕಡತಗಳೆಲ್ಲ ಇನ್ನು ಐದು ನಿಮಿಷದಲ್ಲಿ ಅಳಿಯುತ್ತವೆ, ಈ ನಂಬರಿಗೆ ಫೋನು ಮಾಡಿ ಅಂದಿದೆ. ಮೊದಲು ನನಗೇ ಮಾಡಿದ್ದಾರೆ, ಪಾಪ. ನಾನು ಲ್ಯಾಬಿನ ಕುಲುಮೆಯ ಕೋಣೆಯಲ್ಲಿ ಮಾದರಿ ಕಾಯಿಸುತ್ತಿದ್ದೆ, ಫೋನು ಹೊರಗಿತ್ತು. ಮೂರು ಸಲ ಮಾಡಿದ್ದಾರೆ. ಐದು ನಿಮಿಷ ಅಂದರೆ ಅಮ್ಮನ ಸೀರೆಗೆ ಐದು ನಿಮಿಷ. ಕೊನೆಗೆ ಆ ನಂಬರಿಗೇ ಮಾಡಿದ್ದಾರೆ.

ಅತ್ತ ಕಡೆಯವನು ತುಂಬ ಮರ್ಯಾದಸ್ಥ. ‘ಬಯಪ್ಪಡಾದೀಂಗ ಸಾರ್’ ಅಂತ ಧೈರ್ಯ ಹೇಳಿ, ಒಂದು ಸಣ್ಣ ಪ್ರೋಗ್ರಾಂ ಇಳಿಸಿಕೊಳ್ಳಿ, ನಾನು ಇಲ್ಲಿಂದಲೇ ಸರಿ ಮಾಡುತ್ತೇನೆ ಅಂದಿದ್ದಾನೆ. ಪಾಸ್‌ವರ್ಡು ಇಲ್ಲದೆ ಹೊಸದೇನೂ ಹತ್ತುವುದಿಲ್ಲ ಎಂದು ನಾನು ಬೀಗುತ್ತಿದ್ದೆ. ಹಾಕಿಕೊಳ್ಳದೆಯೇ ನೇರ ಓಡುವಂಥದ್ದೂ ಇರುತ್ತದೆ ಎಂದು ನನಗೆ ತಿಳಿದದ್ದು ಅವತ್ತು. ಅವನು ಕೇಳಿದಾಗ ಮಾವ ಪರದೆಯ ಮೇಲಿನ ಅಂಕಿ ಓದಿ ಹೇಳಿದ್ದಾರೆ. ಬಾಣದ ಗುರುತು ತಾನೇ ತಾನಾಗಿ ನಡೆಯತೊಡಗಿದೆ.

ಅತ್ತೆಯ ಫೋನಿನಲ್ಲೇ ನಾನು, ಕಂಪ್ಯೂಟರಿನ ಸ್ವಿಚ್ಚು ಆರಿಸಿ, ನಾನು ಬರುವವರೆಗೂ ಯಾರೂ ಮುಟ್ಟಬೇಡಿ ಅಂದೆ. ಅರ್ಧ ದಿನ ರಜೆ ಬರೆದುಕೊಟ್ಟು ಸೇಲಂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಜಗಳ ಆಡಿಯಾದರೂ ಒಂದು ಕಾಪಿ ತೆಗೆದಿಡಬೇಕಿತ್ತು. ಬ್ಯಾಗಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಆರು ತಿಂಗಳಿಂದ ಓಡಾಡುತ್ತಿದ್ದೆ. ಅಮ್ಮನಿಗೆ ಏನು ಹೇಳುವುದು ಅನ್ನುವುದೊಂದೇ ತಲೆಯಲ್ಲಿ. ಹೊರಡುವಾಗ ಅವಳಿಗೆ ಏನೂ ಹೇಳಿರಲಿಲ್ಲ.

ಮನೆಯಲ್ಲಿ ಮಾವ ಆರಿದ ಪರದೆಯ ಮುಂದೆ ಕೂತಿದ್ದರು. ಕೈಯಲ್ಲಿ ಎಳೆ ಕತ್ತರಿಸುವ ಪುಟ್ಟ ಕತ್ತರಿ. ನೆಲದ ಮೇಲೆ ಇಂಟರ್‌ನೆಟ್ ವೈರು ಎರಡು ತುಂಡಾಗಿ ಬಿದ್ದಿತ್ತು.

‘ಏನಾಯ್ತು ಮಾವ?’

‘ಅವನು ಅಕ್ಕನ ಸೀರೆ ತೆಗೆದ ಕಣೆ’ ಅಂದರು. ‘ಯಾವನೋ, ಮೊಕ ಕಾಣಲ್ಲ. ನನ್ನ ಗಿಳಿಗಳ ಮ್ಯಾಲೆ ಬಾಣ ಆಡಿಸ್ತಾವ್ನೆ. ನಾನು ಮೌಸ್ ಇಡುದ್ರೆ ನನ್ನ ಕೈನೇ ತಳ್ತಾನೆ. ಆಮ್ಯಾಲೆ ಸೀರೆಗಳ ಪಟ್ಟಿ ಪೂರ್ತಿ ನೀಲಿ ಮಾಡ್ದ. ನನ್ನ ಮಗ್ಗದಾಗೆ ಇನ್ನೊಬ್ಬನ ಕೈಯಾ? ನಂಗೆ ಗೊತ್ತಿದ್ದದ್ದು ಒಂದೇ. ಬಗ್ಗಿ ವೈರ್ ಕತ್ತರಿಸ್ದೆ.’

ಪ್ಲಗ್ ಎಳೆಯಬಹುದಿತ್ತು, ಸ್ವಿಚ್ ಆರಿಸಬಹುದಿತ್ತು. ಇಲ್ಲ, ಮಾವ ಕತ್ತರಿಸಿದರು. ಬೇಡದ ಎಳೆ ಕಂಡರೆ ಆ ಕೈಗೆ ಬೇರೆ ದಾರಿ ಹೊಳೆಯುವುದಿಲ್ಲ. ಎಷ್ಟು ಬೇಗ ಕತ್ತರಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿತ್ತು.

ಯಂತ್ರ ಹೊತ್ತಿಸಿದೆ. ಸೀರೆಗಳ ಫೋಲ್ಡರ್ ತೆರೆದೆ. ಖಾಲಿ.

ಅತ್ತೆ, ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದವರು, ಒಳಗೆ ಬಂದು ಮಾವನ ಭುಜದ ಮೇಲೆ ಕೈಯಿಟ್ಟರು. ನಾನು ಸುಮ್ಮನೆ, ಬೇರೇನೂ ತೋಚದೆ, ಕಸದ ಬುಟ್ಟಿಯ ಗುರುತಿನ ಮೇಲೆ ಒತ್ತಿದೆ. ಅಲ್ಲಿ ಇದ್ದವು. ಎಲ್ಲವೂ. ಅತ್ತೆಯ ಚಿಕ್ಕಮ್ಮನ ಸೀರೆ, ಎದುರು ಮನೆ ಅಜ್ಜಿಯ ಸೀರೆ, ಮೊರಪ್ಪೂರಿನ ಬೀಗರ ಸೀರೆ, ಸಾಲಾಗಿ. ಕೊನೆಯಲ್ಲಿ ‘ಅಕ್ಕ’ ಅಂತ ಹೆಸರಿಟ್ಟಿದ್ದ ಕಡತ. ಅವನು ಎಲ್ಲವನ್ನೂ ಬುಟ್ಟಿಗೆ ಹಾಕಿದ್ದ. ಇಷ್ಟು ದುಡ್ಡು ಕೊಟ್ಟರೆ ವಾಪಸ್ಸು ಅನ್ನುವ ಮಾತು ಶುರುವಾಗುವ ಮೊದಲೇ ಮಾವನ ಕತ್ತರಿ ಆಡಿತ್ತು. ಬುಟ್ಟಿ ಬರಿದು ಮಾಡಲು ಅವನಿಗೆ ಇನ್ನೊಂದು ಒತ್ತು ಸಾಕಿತ್ತು.

ಹಿಂದಕ್ಕೆ ತಂದೆ. ‘ಅಕ್ಕ’ ತೆರೆದೆ. ಪರದೆಯ ತುಂಬ ಹಸಿರು ಗಿಳಿಗಳು ಬಂದು ಕೂತವು. ನಾನು ಅತ್ತುಬಿಟ್ಟೆ. ಮಾವ ಕತ್ತರಿ ಕೆಳಗಿಟ್ಟು ನಗತೊಡಗಿದರು, ಕೂಡಲೇ ಅತ್ತೆಗೆ ಮಾತು ಬಂತು. ‘ನಲವತ್ತು ವರ್ಷದಿಂದ ನೋಡ್ತಾವ್ನಿ, ಮನೇಲಿ ಒಂದು ಮೊಳೆ ಒಡೆಯಕ್ಕೆ ಬರಲ್ಲ, ವೈರ್ ಕತ್ತರಿಸಕ್ಕೆ ಮಾತ್ರ ಬಂತು ನೋಡು.’ ಆ ಮಾತಿಗೆ ಮೂವರೂ ನಕ್ಕದ್ದು ಪಕ್ಕದ ಮನೆಗೆ ಕೇಳಿರಬೇಕು, ಅವರು ಏನು ವಿಶೇಷ ಅಂತ ಇಣುಕಿದರು. ಮಾವ ಕೂಡಲೇ ಎದ್ದು ಪರದೆಯ ಮೇಲೆ ಟವೆಲ್ಲು ಹೊದಿಸಿದರು.

ಅವರು ಹೋದ ಮೇಲೆ ಮಾವ ಕೈ ಚಾಚಿದರು. ‘ಕೊಡು, ಎಲ್ಲೈತೆ ನಿನ್ನ ಪೆನ್‌ಡ್ರೈವು?’

ನಾನು ಬ್ಯಾಗಿಗೆ ಕೈ ಹಾಕಿದೆ.

‘ಅಂಚು ಮನೆ ದಾಟಬಾರ್ದು, ಸರಿ. ಅಕ್ಕ ಇರೋದೂ ನಮ್ಮ ಮನೆಯೇ. ಅದು ಒಳಗಡೆನೇ ಓದಂಗೆ’ ಅಂದರು.

ಇನ್ನೆಲ್ಲಿ ಮನಸ್ಸು ಬದಲಾಯಿಸುತ್ತಾರೋ ಅಂತ ತಕ್ಷಣ ಕಡತಗಳನ್ನು ಮಾತ್ರ ತುಂಬಿಕೊಂಡೆ. ಪೊಲೀಸರ ಸೈಬರ್ ವಿಭಾಗಕ್ಕೂ ಆ ನಂಬರು ತಿಳಿಸಿದೆ. ಅದರ ಮುಂದಿನ ಭಾನುವಾರ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿಸ್ಟಮ್ ಹಾಕಿ, ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದೆ. ಬೀಗುವುದನ್ನು ನಿಲ್ಲಿಸಿದ್ದೇನೆ. ಹೊಸ ವೈರು ತಂದು ಜೋಡಿಸುವಾಗ ಮಾವ, ಸ್ವಲ್ಪ ಉದ್ದ ಇರಲಿ, ಬೇಕಾಗ್ತೈತೆ ಅಂದರು.

ಮೆಟ್ಟೂರಿನಲ್ಲಿ ಪೆನ್‌ಡ್ರೈವನ್ನು ಎರಡೆರಡು ಸಲ ತಪಾಸಣೆ ಮಾಡಿ, ಗಿಳಿಗಳ ಹಾಳೆಯನ್ನು ಚಿತ್ರವಾಗಿ ಬದಲಿಸಿ ಟಿವಿಗೆ ಸಿಕ್ಕಿಸಿದೆ. ಸಂಜೆ ಸೀರಿಯಲ್ಲಿನ ಹೊತ್ತು. ಅಮ್ಮ ಮಂಚದ ಮೇಲೆ ಕಾಲು ನೀಡಿ ಕೂತು ಗೊಣಗುತ್ತಿದ್ದಳು. ಅಷ್ಟರಲ್ಲಿ ಅವಳ ಸೆರಗು ಗೋಡೆಯಷ್ಟಗಲ ತೆರೆದುಕೊಂಡಿತು. ಗೊಣಗಾಟ ನಿಂತಿತು. ಕೋಲು ಹಿಡಿದು ಎದ್ದಳು, ಟಿವಿಯ ಹತ್ತಿರ ಹೋದಳು, ಮುಟ್ಟಿದಳು. ಸಾಲು ಸಾಲಾಗಿ ಬೆರಳು ಎಳೆದುಕೊಂಡು ಬಂದು ಒಂದು ಗಿಳಿಯ ಮೇಲೆ ನಿಂತಳು. ಉಳಿದ ಗಿಳಿಗಳ ಕತ್ತು ನೆಟ್ಟಗಿತ್ತು. ಇದರದು ಒಂದು ಚೌಕ ಪಕ್ಕಕ್ಕೆ ಜರುಗಿ, ಕತ್ತು ಉಳುಕಿದ ಹಾಗೆ ಕಾಣುತ್ತಿತ್ತು.

‘ನಿಮ್ಮ ಮಾವಂಗೆ ಫೋನ್ ಆಕು’ ಅಂದಳು.

ಸ್ಪೀಕರಿನಲ್ಲಿ ಮಾವನ ದನಿ ಬಂದ ತಕ್ಷಣ ಅಮ್ಮ ಟಿವಿಗೇ ಮಾತಾಡುವವಳಂತೆ ಹೇಳಿದಳು: ‘ಲೇ, ಈ ಕತ್ತು ಉಳುಕಿರೋ ಗಿಳಿ ನಂದು ಕಣ್ಲಾ.’

‘ಏನಕ್ಕಾ?’

‘ಅಪ್ಪ ಉಣ್ಣಕ್ಕೆ ಎದ್ದೋಗಿತ್ತು. ಮದುವೆ ಎಣ್ಣು ತನ್ನ ಸೀರೆ ಮಗ್ಗಕ್ಕೆ ಕೂರಬಾರ್ದು ಅಂತ ಅವ್ವ ಏಳಿದ್ಳು. ಆಸೆ ತಡೀಲಿಲ್ಲ. ಇಳಿದು ನಾಕು ಲಾಳಿ ಎಸೆದೆ. ಯಾರ್ಗೂ ಏಳಿಲ್ಲ ಇವತ್ತಿನ ತನಕ.’

ಮಾವ ನಿಧಾನವಾಗಿ ಅಂದರು: ‘ನಾನು ಅದುನ್ನ ಮೂರು ಸಲ ಎಣಿಸ್ದೆ ಅಕ್ಕಾ. ಸರಿ ಮಾಡನಾ ಅಂತ ಕೈ ತುರಿಸ್ತು. ಅಪ್ಪನ ಕೈ ತಪ್ಪಾಕಲ್ಲ, ಏನೋ ಇದ್ದಾತು ಅಂತ ಅಂಗೇ ಬುಟ್ಟೆ.’

‘ತಾತಂಗೆ ತಿಳೀನೇ ಇಲ್ವಾ ಮತ್ತೆ?’ ಅಂತ ನಾನು ಬಾಯಿ ಹಾಕಿದೆ.

ಅಮ್ಮ ನಕ್ಕಳು. ಎಪ್ಪತ್ತೇಳರ ಅಮ್ಮ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ‘ತಿಳೀದೆ ಏನು. ಉಂಡು ಬಂದು ಕೂತು ಒಂದು ಸಲ ನೋಡ್ತು, ಒಂದು ಸಲ ನನ್ನ ಕಡೆ ನೋಡ್ತು. ಬಿಚ್ಚಲಿಲ್ಲ. ಮುಂದಕ್ಕೆ ನೇಯ್ತು.’

ಅವತ್ತು ನಮ್ಮ ಮನೆಯಲ್ಲಿ ಸೀರಿಯಲ್ಲು ನಡೆಯಲಿಲ್ಲ. ಅಮ್ಮ ಕುರ್ಚಿ ಎಳೆಸಿಕೊಂಡು ಟಿವಿಯ ಮುಂದೆಯೇ ಕೂತಳು, ಊಟವನ್ನೂ ಅಲ್ಲಿಗೇ ತರಿಸಿಕೊಂಡಳು.